ಒಂದು ತಟ್ಟೆ, ಎರಡು ಕೂಸು: ಅವಳಿ ಬಸಿರಿನ ಪೋಷಣೆಯ ಚರಿತ್ರೆ ಮತ್ತು ಖಾಲಿ ಉಳಿದ ಒಂದು ಸಾಲು

ಗಡಿಯಾಚೆಯ ಕನ್ನಡದ ಬಗ್ಗೆ ಮಾತಾಡುವಾಗ ನಾವು ಹೆಚ್ಚಾಗಿ ಭಾಷೆ, ಶಾಲೆ, ಶಾಸನಗಳನ್ನೇ ಹಿಡಿದುಕೊಳ್ತೀವಿ. ಇವತ್ತು ನಾನು ಬಸುರಿಯ ಊಟದ ತಟ್ಟೆಯ ಚರಿತ್ರೆ ಹೇಳಲಿಕ್ಕೆ ಹೊರಟಿದ್ದೇನೆ, ಅದರಲ್ಲೂ ಅವಳಿ ಮಕ್ಕಳನ್ನು ಹೊತ್ತ ಬಸುರಿಯ ತಟ್ಟೆ. ಇದು ಇಲ್ಲಿಗೆ ಹೇಗೆ ಸೇರುತ್ತೆ ಅಂದರೆ, ಎರಡು ಕಾರಣ. ಈ ಚರಿತ್ರೆಯ ಒಂದು ಮುಖ್ಯ ಹೆಜ್ಜೆ ಬಿದ್ದಿರುವುದು ನಮ್ಮ ನೀಲಗಿರಿಯ ಕೂನೂರಿನಲ್ಲಿ. ಇನ್ನೊಂದು, ಈ ಚರಿತ್ರೆ ಕೊನೆಗೆ ನಮ್ಮನ್ನು ತಂದು ನಿಲ್ಲಿಸುವ ಪ್ರಶ್ನೆ ತಾಳವಾಡಿಯ, ಜತ್ತದ, ಮಡಕಶಿರಾದ ಹೆಣ್ಣುಮಕ್ಕಳಿಗೆ ನೇರವಾಗಿ ತಟ್ಟುವಂಥದ್ದು.

ಮೊದಲು ಒಂದು ಕೋಷ್ಟಕ ನೋಡೋಣ. 2009ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸಂಸ್ಥೆ ಗರ್ಭಿಣಿಯರ ತೂಕ ಎಷ್ಟು ಏರಬೇಕು ಎಂಬ ಬಗ್ಗೆ ಹೊಸ ಮಾರ್ಗಸೂಚಿ ಹೊರಡಿಸಿತು. ಲೋಕದ ಎಷ್ಟೋ ಕಡೆ ವೈದ್ಯರು ಇದನ್ನೇ ನೋಡ್ತಾರೆ. ಅವಳಿ ಬಸಿರಿಗೆ ಅದರಲ್ಲಿ ಪ್ರತ್ಯೇಕ ಭಾಗ ಇದೆ. ಬಸಿರಿಗೆ ಮುಂಚೆ ಸಾಮಾನ್ಯ ತೂಕ ಇದ್ದ ತಾಯಿ 17ರಿಂದ 25 ಕಿಲೋ ಏರಬೇಕು. ತೂಕ ಹೆಚ್ಚಿದ್ದವಳು 14ರಿಂದ 23 ಕಿಲೋ. ಬೊಜ್ಜು ಇದ್ದವಳು 11ರಿಂದ 19 ಕಿಲೋ. ಸರಿ, ತೂಕ ಕಡಿಮೆ ಇರುವವಳು, ಅಂದರೆ ದೇಹ ದ್ರವ್ಯರಾಶಿ ಸೂಚ್ಯಂಕ 18.5ಕ್ಕಿಂತ ಕೆಳಗಿರುವ ತಾಯಿ ಎಷ್ಟು ಏರಬೇಕು? ಆ ಜಾಗದಲ್ಲಿ ಅಂಕಿಯೇ ಇಲ್ಲ. ಮಾಹಿತಿ ಸಾಲದು ಎಂದು ಸಮಿತಿ ಹೇಳಿ ಬಿಟ್ಟಿತು.

ಈ ಖಾಲಿ ಸಾಲು ಹೇಗೆ ಹುಟ್ಟಿತು ಎಂಬುದೇ ನನ್ನ ಪ್ರಬಂಧದ ಪ್ರಶ್ನೆ. ಯಾಕಂದ್ರೆ ಬಸುರಿಯ ಪೋಷಣೆಯ ಆಧುನಿಕ ವಿಜ್ಞಾನದ ಒಂದು ದೊಡ್ಡ ಕವಲು ಶುರುವಾದದ್ದೇ ಹೊಟ್ಟೆತುಂಬ ಊಟವಿಲ್ಲದ ಹೆಂಗಸರಿಂದ.

ತಾಯಿಯ ಮೇಲಿನ ದೂರು

ಅವಳಿ ಬಾಳೆಹಣ್ಣು ತಿಂದರೆ ಅವಳಿ ಮಕ್ಕಳು ಹುಟ್ಟುತ್ತವೆ ಎಂಬ ಮಾತು ನಮ್ಮಲ್ಲಿ ಕೇಳದವರಿಲ್ಲ. ಬಸುರಿ ಜಾಸ್ತಿ ತಿಂದರೆ ಕೂಸು ದಪ್ಪಗಾಗಿ ಹೆರಿಗೆ ಕಷ್ಟ ಆಗುತ್ತೆ ಎಂಬುದೂ ಹಾಗೇ. ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ಮಾಡಿ 1994ರಲ್ಲಿ ಪುಸ್ತಕ ತಂದ ಡಚ್ ಸಂಶೋಧಕಿ ಇಂಗೆ ಹುಟರ್ ಇಂಥ ನಂಬಿಕೆಗಳ ನಡುವೆ ಬಸುರಿ ಏನು ಉಣ್ಣುತ್ತಾಳೆ, ಎಷ್ಟು ದುಡಿಯುತ್ತಾಳೆ ಎಂಬುದನ್ನೇ ಅಭ್ಯಾಸ ಮಾಡಿದರು. ಇದನ್ನು ಹಳ್ಳಿಯವರ ಅಜ್ಞಾನ ಅಂತ ತಳ್ಳಿಹಾಕುವ ಮುಂಚೆ ಇನ್ನೊಂದು ಸಂಗತಿ ನೆನಪಿಡಿ. ಜರ್ಮನಿಯ ಹ್ಯಾಂಬರ್ಗಿನ ವೈದ್ಯ ಲುಡ್ವಿಗ್ ಪ್ರೊಖೊವ್ನಿಕ್ 1889ರಲ್ಲಿ ಹೆಚ್ಚುಕಮ್ಮಿ ಇದನ್ನೇ ಔಷಧಿಯಾಗಿ ಬರೆದುಕೊಟ್ಟರು. ಕಟಿಮೂಳೆ ಕಿರಿದಾಗಿರುವ ಹೆಂಗಸರಿಗೆ ಬಸಿರಿನ ಕೊನೆಯ ವಾರಗಳಲ್ಲಿ ಪಿಷ್ಟವನ್ನೂ ನೀರನ್ನೂ ಕಡಿಮೆ ಮಾಡಿ, ಕೂಸು ಸಣ್ಣದಾಗಿ ಹುಟ್ಟಲಿ ಎಂಬುದು ಅವರ ಪಥ್ಯ. ಸಿಸೇರಿಯನ್ ಅಂದರೆ ಸಾವಿನ ದವಡೆ ಎಂದಿದ್ದ ಕಾಲ ಅದು. ಹಳ್ಳಿಯ ಅಜ್ಜಿಗೂ ಹ್ಯಾಂಬರ್ಗಿನ ಡಾಕ್ಟರಿಗೂ ಇದ್ದ ಭಯ ಒಂದೇ.

ಎರಡೂ ಕಡೆ ತರ್ಕ ಒಂದೇ ದಾರಿಯಲ್ಲಿ ಹೋಗುತ್ತೆ: ಕೂಸಿನ ಗಾತ್ರ ಅನ್ನೋದು ತಾಯಿಯ ಬಾಯಿಯ ಫಲ. ಕೂಸು ಸಣ್ಣದಾದರೆ ಅವಳು ಸರಿಯಾಗಿ ಉಣ್ಣಲಿಲ್ಲ, ದೊಡ್ಡದಾದರೆ ಅತಿಯಾಗಿ ಉಂಡಳು. ಈ ಲೆಕ್ಕವನ್ನು ಮೊದಲು ತಪ್ಪಿಸಿದ್ದು ಅವಳಿಗಳೇ.

ಒಂದೇ ಗರ್ಭ, ಎರಡು ಪರಿಸರ

ಫ್ರಾನ್ಸಿಸ್ ಗಾಲ್ಟನ್ 1875ರಲ್ಲಿ ಅವಳಿಗಳ ಬಗ್ಗೆ ಬರೆದ ಲೇಖನ ಪ್ರಸಿದ್ಧವಾದದ್ದು. ಹುಟ್ಟುಗುಣ ದೊಡ್ಡದೋ ಬೆಳೆಸಿದ ರೀತಿ ದೊಡ್ಡದೋ ಅಂತ ತೂಗಲಿಕ್ಕೆ ಅವಳಿಗಳನ್ನು ತಕ್ಕಡಿಯಾಗಿ ಬಳಸಿದವರಲ್ಲಿ ಅವರು ಮೊದಲಿಗರು. ಹುಟ್ಟಿದ ಮೇಲಿನ ಪರಿಸರವನ್ನು ಅವರು ಲೆಕ್ಕಕ್ಕೆ ತಗೊಂಡರು. ಆದರೆ ಹುಟ್ಟುವ ಮುಂಚಿನ ಒಂಬತ್ತು ತಿಂಗಳೂ ಒಂದು ಪರಿಸರವೇ, ಆ ಪರಿಸರ ಇಬ್ಬರಿಗೂ ಒಂದೇ ಆಗಿರಬೇಕಿಲ್ಲ ಎಂಬುದು ಅವರ ತಕ್ಕಡಿಗೆ ಸಿಗಲಿಲ್ಲ.

ಅದನ್ನು ತೋರಿಸಿದವರು ಹೆರಿಗೆ ಕೋಣೆಯಲ್ಲಿ ಮಾಸನ್ನು ಎಸೆಯದೆ ಎತ್ತಿಟ್ಟು ನೋಡಿದ ವೈದ್ಯರು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಜರ್ಮನಿಯ ಫ್ರೀಡ್ರಿಶ್ ಶಾಟ್ಸ್ ಅವಳಿಗಳ ಮಾಸಿನ ರಕ್ತನಾಳಗಳಿಗೆ ಬಣ್ಣ ಹಾಯಿಸಿ, ಒಂದೇ ಮಾಸು ಹಂಚಿಕೊಂಡ ಅವಳಿಗಳ ನಡುವೆ ನಾಳಗಳು ಕೂಡಿಕೊಂಡಿರುವುದನ್ನು ವಿವರವಾಗಿ ದಾಖಲಿಸಿದರು. ಒಂದು ಕೂಸಿನ ರಕ್ತ ಇನ್ನೊಂದಕ್ಕೆ ಹರಿದುಹೋಗಬಹುದು. ಕೊಡುವ ಕೂಸು ಸೊರಗುತ್ತೆ, ಪಡೆಯುವ ಕೂಸಿನ ಹೃದಯದ ಮೇಲೆ ಭಾರ ಬೀಳುತ್ತೆ. ನಾಳಗಳ ಗೊಡವೆ ಇಲ್ಲದ ಕಡೆಯೂ ಮಾಸಿನ ಪಾಲು ಸಮನಾಗಿ ಸಿಗುವುದಿಲ್ಲ. ಒಂದರ ಹೊಕ್ಕುಳಬಳ್ಳಿ ಮಾಸಿನ ನಡುವೆ ನೆಟ್ಟಿದ್ದರೆ ಇನ್ನೊಂದರದು ಅಂಚಿಗೆ ಅಂಟಿಕೊಂಡಿರಬಹುದು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಒಬ್ಬಳೇ ತಾಯಿ, ಒಂದೇ ತಟ್ಟೆ, ಒಂದೇ ಒಂಬತ್ತು ತಿಂಗಳು. ಹುಟ್ಟಿದಾಗ ಒಂದು ಕೂಸು ಎರಡೂವರೆ ಕಿಲೋ, ಇನ್ನೊಂದು ಒಂದೂಮುಕ್ಕಾಲು. ತಾಯಿಯ ಊಟವೊಂದರಿಂದಲೇ ಇದನ್ನು ವಿವರಿಸಲಿಕ್ಕೆ ಆಗುವುದಿಲ್ಲ. ತಾಯಿಗೆ ಸಿಕ್ಕಿದ್ದೆಷ್ಟು ಎಂಬುದು ಒಂದು ಪ್ರಶ್ನೆ, ಅದು ಕೂಸಿಗೆ ದಾಟಿದ್ದೆಷ್ಟು ಎಂಬುದು ಬೇರೆಯೇ ಪ್ರಶ್ನೆ. ಇವೆರಡನ್ನು ಬಿಡಿಸಿ ನೋಡುವುದನ್ನು ವೈದ್ಯಶಾಸ್ತ್ರ ಅವಳಿಗಳಿಂದ ಕಲಿಯಿತು.

ಮುಂಬಯಿ, ಕೂನೂರು

ತಾಯಿಗೆ ಸಿಕ್ಕಿದ್ದೆಷ್ಟು ಎಂಬ ಮೊದಲ ಪ್ರಶ್ನೆಯನ್ನು ಹಿಡಿದವರಲ್ಲಿ ಲೂಸಿ ವಿಲ್ಸ್ ಹೆಸರು ದೊಡ್ಡದು. 1888ರಲ್ಲಿ ಹುಟ್ಟಿದ ಇಂಗ್ಲಿಷ್ ವೈದ್ಯೆ. ಹೆರಿಗೆಯಲ್ಲಿ ಸಾಯುವ ತಾಯಂದಿರ ಬಗ್ಗೆ ನಡೆಯುತ್ತಿದ್ದ ವಿಚಾರಣೆಯ ಭಾಗವಾಗಿ, ಮಾರ್ಗರೆಟ್ ಬಾಲ್ಫರ್ ಅವರ ಕರೆಯ ಮೇಲೆ 1928ರಲ್ಲಿ ಮುಂಬಯಿಗೆ ಬಂದರು. ಬಸುರಿಯರಲ್ಲಿ ಕಾಣುತ್ತಿದ್ದ ಒಂದು ಬಗೆಯ ತೀವ್ರ ರಕ್ತಹೀನತೆ ಅವರ ವಿಷಯ. ಆ ರೋಗದಲ್ಲಿ ಕೆಂಪು ರಕ್ತಕಣಗಳು ಎಣಿಕೆಯಲ್ಲಿ ಕಡಿಮೆ, ಗಾತ್ರದಲ್ಲಿ ಮಾತ್ರ ಊದಿಕೊಂಡಂತೆ ದೊಡ್ಡವು. ರೋಗಾಣು ಹುಡುಕಿದರು, ಸಿಗಲಿಲ್ಲ. ಆಮೇಲೆ ಸಹೋದ್ಯೋಗಿ ತಲ್ಪಡೆ ಜತೆ ಸೇರಿ ಮುಂಬಯಿಯ ಬೇರೆ ಬೇರೆ ವರ್ಗದ ಹೆಂಗಸರು ಏನು ಉಣ್ಣುತ್ತಾರೆ, ಎಂಥ ಕೋಣೆಗಳಲ್ಲಿ ಇರುತ್ತಾರೆ ಎಂಬ ಸಮೀಕ್ಷೆ ಮಾಡಿದರು. ಅದು ಪ್ರಕಟವಾದದ್ದು 1930ರಲ್ಲಿ. ಬಡ ಹೆಂಗಸರ ತಟ್ಟೆಯಲ್ಲಿ ಸೊಪ್ಪು, ಹಣ್ಣು, ಮಾಂಸ, ಹಾಲು ತೀರ ಕಡಿಮೆ. ಪ್ರಯೋಗಾಲಯದಲ್ಲಿ ಕೂತು ರಕ್ತ ನೋಡುವವರು ಅಡುಗೆಮನೆಗೆ ಹೋಗಿ ನೋಡಿದ್ದು ದೊಡ್ಡ ಮಾತು.

1929ರಲ್ಲಿ ವಿಲ್ಸ್ ಕೆಲಸ ಸ್ವಲ್ಪ ಕಾಲ ಕೂನೂರಿಗೆ ಬಂತು. ಸಿಮ್ಸ್ ಪಾರ್ಕಿಗೆ ಹೋದವರು ಹತ್ತಿರದಲ್ಲೇ ಇರುವ ಪಾಶ್ಚರ್ ಇನ್‌ಸ್ಟಿಟ್ಯೂಟ್ ನೋಡಿರ್ತೀರಿ. ಹುಚ್ಚುನಾಯಿ ಕಡಿತದ ಮದ್ದಿನ ಕಟ್ಟಡ ಅಂತಲೇ ನಮ್ಮ ಕಡೆಯವರಿಗೆ ಅದರ ಪರಿಚಯ. ಅಲ್ಲಿಯೇ 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಬೆರಿಬೆರಿ ರೋಗದ ವಿಚಾರಣೆಯನ್ನು ಒಂದೇ ಕೋಣೆಯಲ್ಲಿ ಶುರುಮಾಡಿದ್ದು. ಅದೇ ಬೆಳೆದು ಪೋಷಣಾ ಸಂಶೋಧನಾಲಯವಾಯಿತು. 1937ರಲ್ಲಿ ಆಕ್ರಾಯ್ಡ್ ನಿರ್ದೇಶಕರಾಗಿದ್ದಾಗ ಭಾರತದ ಆಹಾರಗಳ ಪೋಷಕಾಂಶದ ಕೋಷ್ಟಕ ಅಲ್ಲಿಂದಲೇ ಹೊರಬಂತು. 1958ರಲ್ಲಿ ಸಂಸ್ಥೆ ಹೈದರಾಬಾದಿಗೆ ಹೋಗಿ, ಈಗಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ರಾಗಿಯಲ್ಲಿ ಎಷ್ಟು ಸುಣ್ಣದ ಅಂಶ, ಹುರುಳಿಯಲ್ಲಿ ಎಷ್ಟು ಸಾರಜನಕ ಅಂತ ಶಾಲೆಯಲ್ಲಿ ನಾವು ಬರೆದುಕೊಂಡ ಅಂಕಿಗಳ ಬೇರು ನಮ್ಮ ಬೆಟ್ಟದ ಮೇಲಿದೆ.

ವಿಲ್ಸ್ ಮುಂಬಯಿಯ ಬಡ ಹೆಂಗಸರು ಉಣ್ಣುವಂಥ ಊಟವನ್ನೇ ಇಲಿಗಳಿಗೂ ಮುಂದೆ ಕೋತಿಗಳಿಗೂ ಕೊಟ್ಟು ನೋಡಿದರು. ಕೋತಿಗಳಲ್ಲಿ ಅದೇ ರಕ್ತಹೀನತೆ ಕಾಣಿಸಿತು. ಯೀಸ್ಟಿನ ಸಾರ, ಇಂಗ್ಲೆಂಡಿನ ಬಡವರೂ ಬ್ರೆಡ್ಡಿಗೆ ಸವರಿಕೊಳ್ಳುವ ಮಾರ್ಮೈಟ್, ಕೊಟ್ಟಾಗ ವಾಸಿಯಾಯಿತು. ಬಸುರಿಯರಿಗೂ ವಾಸಿಯಾಯಿತು. 1931ರಲ್ಲಿ ಇದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಆ ಸಾರದಲ್ಲಿ ಇದ್ದ ಅಂಶ ಯಾವುದು ಅಂತ ಗೊತ್ತಾಗಲಿಕ್ಕೆ ಇನ್ನೂ ಹತ್ತು ವರ್ಷ ಬೇಕಾಯ್ತು. 1941ರಲ್ಲಿ ಟೆಕ್ಸಾಸಿನ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿ ಫೋಲಿಕ್ ಆಮ್ಲ ಎಂದು ಕರೆದರು. 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ಲೆಡರ್ಲಿ ಪ್ರಯೋಗಾಲಯದ ಸಂಶೋಧನೆಯ ಮುಖ್ಯಸ್ಥರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್.

ವಿಲ್ಸ್ ಅವರ ಪ್ರಶ್ನೆ ರಕ್ತಹೀನತೆಯದು, ಅವಳಿಯದಲ್ಲ. ಆದರೆ ಫೋಲೇಟ್ ಮಾಡುವ ಕೆಲಸ ತಿಳಿದಮೇಲೆ ಅವಳಿಯ ಮಾತು ತಾನೇ ಬಂತು. ಜೀವಕೋಶ ಒಡೆದು ಎರಡಾಗುವಾಗ ಡಿಎನ್ಎ ನಕಲಾಗಬೇಕು, ಅದಕ್ಕೆ ಫೋಲೇಟ್ ಬೇಕು. ಎರಡು ಕೂಸು, ದೊಡ್ಡ ಮಾಸು, ಹೆಚ್ಚು ರಕ್ತ, ಎಲ್ಲ ಕಡೆ ಕೋಶ ಒಡೆಯುತ್ತಲೇ ಇರುವಾಗ ತಾಯಿಯ ದಾಸ್ತಾನು ಬೇಗ ಬರಿದಾಗುತ್ತೆ. ಫೋಲೇಟ್ ಕೊರತೆಯ ರಕ್ತಹೀನತೆ ಅವಳಿ ಬಸಿರಿನಲ್ಲಿ ಹೆಚ್ಚು ಎಂಬುದು ಮುಂದಿನ ದಶಕಗಳ ವೈದ್ಯಕೀಯ ಪಾಠವಾಯಿತು. 1970ರಲ್ಲಿ ಭಾರತ ಸರ್ಕಾರ ಶುರುಮಾಡಿದ ರಕ್ತಹೀನತೆ ತಡೆ ಕಾರ್ಯಕ್ರಮದ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಇದೆಯಲ್ಲ, ಅದರ ವಂಶಾವಳಿ ತೆಗೆದರೆ ಮುಂಬಯಿಯ ಆ ಹೆಂಗಸರ ಹತ್ತಿರ ಹೋಗಿ ನಿಲ್ಲುತ್ತೆ.

ರಾತ್ರಿಯ ಉಪವಾಸ

ಯುದ್ಧದ ನಂತರ ಎರಡನೆಯ ಪ್ರಶ್ನೆ, ಅಂದರೆ ದಾಟಿದ್ದೆಷ್ಟು ಎಂಬುದು ಮುಂದೆ ಬಂತು. 1952ರಲ್ಲಿ ಬರ್ಮಿಂಗ್‌ಹ್ಯಾಮಿನ ಥಾಮಸ್ ಮೆಕಿಯೋನ್ ಮತ್ತು ರೆಕಾರ್ಡ್ ಒಂಟಿ, ಅವಳಿ, ತ್ರಿವಳಿ, ಚತುರ್ವಳಿ ಕೂಸುಗಳ ಹುಟ್ಟುತೂಕ ಹೋಲಿಸಿದರು. ಅವಳಿಗಳು ಸುಮಾರು 30ನೇ ವಾರದವರೆಗೆ ಒಂಟಿ ಕೂಸಿನ ಸಮಕ್ಕೇ ಬೆಳೆದು, ಆಮೇಲೆ ಹಿಂದೆ ಬೀಳುತ್ತವೆ. ತ್ರಿವಳಿಗಳು ಇನ್ನೂ ಮುಂಚೆ, ಚತುರ್ವಳಿಗಳು ಅದಕ್ಕೂ ಮುಂಚೆ. ಅಂದರೆ ಕೂಸುಗಳಲ್ಲಿ ಮೊದಲಿನಿಂದ ಇದ್ದ ಊನ ಇದಲ್ಲ. ಒಂದು ಹಂತದಲ್ಲಿ ಪೂರೈಕೆ ಸಾಲದೆ ಹೋಗುತ್ತೆ.

ಅದೇ ಹೊತ್ತಿಗೆ ಇನ್ನೊಂದು ಕಡೆಯಿಂದ ಕಠೋರ ಸಾಕ್ಷ್ಯ ಬಂತು. 1944ರ ಕೊನೆಯಿಂದ 1945ರ ಮೇವರೆಗೆ ನೆದರ್ಲೆಂಡ್ಸಿನ ಪಶ್ಚಿಮ ಭಾಗವನ್ನು ಜರ್ಮನ್ ಸೇನೆ ಹಸಿವಿಗೆ ನೂಕಿತು. ದಿನದ ಪಡಿತರ 1000 ಕಿಲೋಕ್ಯಾಲೊರಿಗಿಂತ ಕೆಳಕ್ಕಿಳಿಯಿತು. ಝೀನಾ ಸ್ಟೈನ್, ಮರ್ವಿನ್ ಸುಸರ್ ಮತ್ತು ಜತೆಗಾರರು 1975ರಲ್ಲಿ ತಂದ ಪುಸ್ತಕದ ಪ್ರಕಾರ, ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಹಸಿವು ತಟ್ಟಿದ ಕೂಸುಗಳ ತೂಕ ಸರಾಸರಿ ಸುಮಾರು 300 ಗ್ರಾಂ ಇಳಿದಿತ್ತು. ಮೊದಲ ತಿಂಗಳುಗಳಲ್ಲಿ ಮಾತ್ರ ಹಸಿದು ಆಮೇಲೆ ಉಂಡವರ ಕೂಸುಗಳ ತೂಕ ಹಾಗೆ ಇಳಿಯಲಿಲ್ಲ. ಕೊನೆಯ ಮೂರು ತಿಂಗಳೇ ಅವಳಿಗಳು ಹಿಂದೆ ಬೀಳುವ ಕಾಲವೂ ಹೌದು ಎಂಬುದನ್ನು ಗಮನಿಸಿ.

ತಾಯಿಯ ಮೈಯಲ್ಲಿ ಆಗುವುದೇನು? 1962ರಲ್ಲಿ ಮಾಸು ಸುರಿಸುವ ಲ್ಯಾಕ್ಟೋಜೆನ್ ಎಂಬ ಹಾರ್ಮೋನಿನ ವಿವರ ಪ್ರಕಟವಾಯಿತು. ಇದು ತಾಯಿಯ ಅಂಗಾಂಶಗಳು ಇನ್ಸುಲಿನ್ನಿನ ಮಾತನ್ನು ಅಷ್ಟಾಗಿ ಕೇಳದಂತೆ ಮಾಡುತ್ತೆ. ಹಾಗಾಗಿ ಉಂಡ ಮೇಲೆ ಸಕ್ಕರೆ ತಾಯಿಯ ರಕ್ತದಲ್ಲೇ ಹೆಚ್ಚು ಹೊತ್ತು ಉಳಿದು ಮಾಸಿನ ಮೂಲಕ ಕೂಸಿಗೆ ದಾಟುತ್ತೆ. ತಾಯಿ ಮಾತ್ರ ತನ್ನ ಕೊಬ್ಬು ಕರಗಿಸಿಕೊಂಡು ಬದುಕ್ತಾಳೆ. ಅಮೆರಿಕದ ನಾರ್ಬರ್ಟ್ ಫ್ರೈಂಕಲ್ ಇದನ್ನು ವೇಗ ಹೆಚ್ಚಿದ ಉಪವಾಸ ಎಂದರು. ಬೇರೆಯವರಿಗೆ ಬಹಳ ಹೊತ್ತು ಹಸಿದ ಮೇಲೆ ಆಗುವ ಬದಲಾವಣೆ ಬಸುರಿಗೆ ಬೆಳಗಿನ ತಿಂಡಿ ತಪ್ಪಿದರೇ ಆಗಿಬಿಡುತ್ತೆ ಎಂದು ಅವರ ತಂಡ 1982ರಲ್ಲಿ ತೋರಿಸಿತು. 1996ರಲ್ಲಿ ಚಿಕಾಗೋದ ಸಂಶೋಧಕರು ಇದನ್ನೇ ಅವಳಿ ಬಸಿರಿನಲ್ಲಿ ಅಳೆದರು. ರಾತ್ರಿಯ ಉಪವಾಸ ಬೆಳಗ್ಗೆ ಇನ್ನಷ್ಟು ಹೊತ್ತು ಮುಂದುವರಿದಾಗ, ಅವಳಿ ಹೊತ್ತ ತಾಯಂದಿರ ರಕ್ತದಲ್ಲಿ ಕೊಬ್ಬು ಕರಗಿದ ಗುರುತಾದ ಕೀಟೋನ್ ಇನ್ನೂ ಹೆಚ್ಚು ಏರಿತ್ತು.

ಇದನ್ನು ನಮ್ಮ ದಿನಚರಿಗೆ ಹೊಂದಿಸಿ ನೋಡಿ. ಕೋಟಗಿರಿ ಕಡೆ ಚಹಾ ಎಲೆ ಕೀಳುವ ಹೆಂಗಸು, ಸೋಲಾಪುರದಲ್ಲಿ ಬೀಡಿ ಕಟ್ಟುವ ಹೆಂಗಸು, ಎಲ್ಲರೂ ಉಂಡಮೇಲೆ ಕೊನೆಗೆ ಉಂಡು, ಬೆಳಗ್ಗೆ ಬರೀ ಚಹಾ ಕುಡಿದು ಕೆಲಸಕ್ಕೆ ಹೋಗುವವಳಾದರೆ, ಅವಳಿಗೆ ಹತ್ತು ಗಂಟೆಗೆ ತಲೆ ಸುತ್ತುವುದು ಮೈಗಳ್ಳತನ ಅಲ್ಲ. ಒಳಗೆ ಲೆಕ್ಕ ನಡೀತಾ ಇದೆ.

ಮಾಂಟ್ರಿಯಲ್ಲಿನಿಂದ ಮಿಶಿಗನ್ನಿಗೆ

ಹಾಗಾದರೆ ಹೆಚ್ಚು ಉಂಡರೆ ಅವಳಿಗಳಿಗೆ ಒಳ್ಳೆಯದಾಗುತ್ತಾ? ಕೆನಡಾದ ಮಾಂಟ್ರಿಯಲ್ಲಿನಲ್ಲಿ ಡಯಟ್ ಡಿಸ್ಪೆನ್ಸರಿ ಎಂಬ ಸೇವಾಸಂಸ್ಥೆ ನಡೆಸುತ್ತಿದ್ದ ಆಗ್ನೆಸ್ ಹಿಗ್ಗಿನ್ಸ್, ಬಡ ಬಸುರಿಯರ ಒಬ್ಬೊಬ್ಬರ ಊಟವನ್ನೂ ಬರೆದುಕೊಂಡು, ಕೊರತೆ ಎಷ್ಟೋ ಅಷ್ಟು ಹಾಲು, ಮೊಟ್ಟೆ, ಹಣ್ಣು ಕೈಗೆ ಕೊಡುವ ಪದ್ಧತಿ ಕಟ್ಟಿದರು. 20ನೇ ವಾರದ ನಂತರ ಅವಳಿ ತಾಯಿಗೆ ದಿನಕ್ಕೆ 1000 ಕಿಲೋಕ್ಯಾಲೊರಿ ಮತ್ತು 50 ಗ್ರಾಂ ಪ್ರೋಟೀನ್ ಹೆಚ್ಚುವರಿ. 1991ರಲ್ಲಿ ಪ್ರಕಟವಾದ ವರದಿಯಲ್ಲಿ ಹೀಗೆ ಪೋಷಣೆ ಪಡೆದ 354 ಅವಳಿ ಕೂಸುಗಳನ್ನು, ಪಡೆಯದ 686 ಅವಳಿ ಕೂಸುಗಳ ಜತೆ ಹೋಲಿಸಿದರು. ಕಡಿಮೆ ತೂಕದ ಜನನ ಶೇ. 25ರಷ್ಟು ಕಡಿಮೆ, ಅತಿ ಕಡಿಮೆ ತೂಕದ ಜನನ ಹೆಚ್ಚುಕಮ್ಮಿ ಅರ್ಧ. ಮುಂದೆ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಬಾರ್ಬರಾ ಲ್ಯೂಕ್ ಅವಳಿ ತಾಯಂದಿರಿಗಾಗಿಯೇ ಚಿಕಿತ್ಸಾಲಯ ನಡೆಸಿ, 28ನೇ ವಾರದೊಳಗೆ ಏರುವ ತೂಕವೇ ಕೂಸಿನ ತೂಕಕ್ಕೆ ಮುಖ್ಯ ಎಂದು ತೋರಿಸಿದರು.

2009ರ ಕೋಷ್ಟಕ ಹುಟ್ಟಿದ್ದು ಈ ಹಾದಿಯಲ್ಲಿ. ತಯಾರಿಸಿದ ರೀತಿ ತಿಳಿದರೆ ಖಾಲಿ ಸಾಲಿನ ಗುಟ್ಟು ಬಯಲಾಗುತ್ತೆ. ಪೂರ್ಣ ಅವಧಿಗೆ, ಸರಾಸರಿ ಎರಡೂವರೆ ಕಿಲೋಗೆ ಕಡಿಮೆಯಿಲ್ಲದ ಅವಳಿಗಳನ್ನು ಹೆತ್ತ ತಾಯಂದಿರು ಎಷ್ಟು ತೂಕ ಏರಿದ್ದರು ಅಂತ ನೋಡಿ, ಅವರಲ್ಲಿ ನಡುವಿನ ಅರ್ಧದಷ್ಟು ಜನರ ವ್ಯಾಪ್ತಿಯನ್ನು ಅಂಕಿಯಾಗಿ ಬರೆದರು. ಸಮಿತಿಯೇ ಇದನ್ನು ತಾತ್ಕಾಲಿಕ ಎಂದು ಕರೆದಿದೆ. ಅಂದಮೇಲೆ ಕೋಷ್ಟಕದಲ್ಲಿ ಬರುವುದು ಲೆಕ್ಕಕ್ಕೆ ಸಿಕ್ಕವರು ಮಾತ್ರ. ಲ್ಯೂಕ್ ತಂಡ 2003ರಲ್ಲಿ ತೆಳು ಮೈಯ ತಾಯಂದಿರಿಗೂ ಅಂದಾಜು ಕೊಟ್ಟಿತ್ತು. ಸಮಿತಿಗೆ ಅದು ಸಾಕೆನಿಸಲಿಲ್ಲ. ವಿಜ್ಞಾನದ ಮಟ್ಟಿಗೆ ಇದು ಪ್ರಾಮಾಣಿಕ ನಿಲುವೇ. ಆದರೆ ತೆಳು ಮೈಯ ತಾಯಂದಿರು ಲೋಕದಲ್ಲಿ ಕಡಿಮೆ ಅಂತ ಅಲ್ಲ, ಅಳೆದ ಜಾಗದಲ್ಲಿ ಕಡಿಮೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇ. 18.7ರಷ್ಟು ಜನ 18.5ರ ಗೆರೆಯ ಕೆಳಗೇ ಇದ್ದಾರೆ.

ಇನ್ನೊಂದು ಎಚ್ಚರಿಕೆಯ ಮಾತೂ ಬೇಕು. ಅವಳಿ ಬಸಿರಿಗೆ ವಿಶೇಷ ಆಹಾರ ಕೊಟ್ಟರೆ ಲಾಭವೇ ಎಂದು ಪರಿಶೀಲಿಸಲು ಹೊರಟ ಕಾಕ್ರೇನ್ ವಿಮರ್ಶಕರಿಗೆ 2011ರಲ್ಲೂ 2015ರಲ್ಲೂ ಚೀಟಿ ಎತ್ತಿ ಗುಂಪು ಮಾಡಿದ ಒಂದು ಪ್ರಯೋಗವೂ ಸಿಗಲಿಲ್ಲ. ಮಾಂಟ್ರಿಯಲ್ಲಿನ ಫಲಿತಾಂಶ ಭರವಸೆಯದು, ಆದರೆ ಕೊನೆಯ ತೀರ್ಪಲ್ಲ. ಮಾಸಿನ ಪಾಲು ಕೆಟ್ಟಿರುವ ಕಡೆ ತಾಯಿ ಎಷ್ಟು ಉಂಡರೂ ಸಣ್ಣ ಕೂಸಿಗೆ ದಾಟುವುದಿಲ್ಲ ಎಂಬ ಶಾಟ್ಸ್ ಕಾಲದ ಪಾಠವೂ ಹಾಗೇ ನಿಂತಿದೆ. ಅಲ್ಲಿ ಬೇಕಾದ್ದು ಸ್ಕ್ಯಾನಿಂಗ್ ಮತ್ತು ಸಮಯಕ್ಕೆ ಸಿಗುವ ತಜ್ಞರು.

ಹಳೆಯ ದಫ್ತರಗಳ ಬೆಲೆ

ಗಡಿನಾಡಿನ ವಿದ್ಯಾರ್ಥಿಗಳಾದ ನಾವು ಇದಕ್ಕೆ ಏನು ಮಾಡಬಹುದು? ಮೈಸೂರಿನ ಉದಾಹರಣೆ ಇದೆ. ಅಲ್ಲಿಯ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯ ದಾದಿಯರು 1934ರಿಂದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಆ ದಫ್ತರ ಹಿಡಿದು ಆಗ ಹುಟ್ಟಿದವರನ್ನು ಹುಡುಕಿದರು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಆ ಅಧ್ಯಯನ, ಸಣ್ಣದಾಗಿ ಹುಟ್ಟಿದವರಲ್ಲಿ ನಡುವಯಸ್ಸಿನ ನಂತರ ಹೃದ್ರೋಗ ಹೆಚ್ಚು ಎಂದು ತೋರಿಸಿತು. ಗರ್ಭದ ಪೋಷಣೆ ಜೀವನವಿಡೀ ಹಿಂಬಾಲಿಸುತ್ತೆ ಎಂಬ ಡೇವಿಡ್ ಬಾರ್ಕರ್ ಅವರ ವಾದಕ್ಕೆ ಭಾರತದ ಸಾಕ್ಷ್ಯ ಅದು. ಆ ವಾದವನ್ನೂ ಪರೀಕ್ಷೆಗೆ ಒಡ್ಡಿದ್ದು ಅವಳಿಗಳೇ. 1994ರಲ್ಲಿ ಸ್ವೀಡನ್ನಿನ, 1995ರಲ್ಲಿ ಡೆನ್ಮಾರ್ಕಿನ ಅವಳಿ ದಾಖಲೆಗಳನ್ನು ನೋಡಿದವರಿಗೆ, ಅವಳಿಗಳು ಸಣ್ಣದಾಗಿ ಹುಟ್ಟಿದರೂ ಉಳಿದವರಿಗಿಂತ ಹೆಚ್ಚು ಸಾಯುತ್ತಿರಲಿಲ್ಲ ಎಂದು ಕಂಡಿತು. ಸಣ್ಣತನ ಎಲ್ಲ ಕಡೆ ಒಂದೇ ಅರ್ಥ ಕೊಡುವುದಿಲ್ಲ. ಯಾಕೆ ಸಣ್ಣದಾಯಿತು ಎಂಬುದು ಎಷ್ಟು ಸಣ್ಣದು ಎಂಬುದರಷ್ಟೇ ಮುಖ್ಯ.

ಈ ಯಾಕೆ ಎಂಬುದಕ್ಕೆ ಉತ್ತರ ಸಿಗಬೇಕಾದರೆ ತಾಯಿಯ ತೂಕ, ಊಟ, ಮಾಸಿನ ಬಗೆ, ಎರಡೂ ಕೂಸುಗಳ ತೂಕ ಒಂದೇ ಕಡೆ ಬರೆದಿರಬೇಕು. ಗಡಿಯಲ್ಲಿ ಇದೇ ಹರಿದುಹೋಗುವುದು. ತಾಳವಾಡಿಯ ಬಸುರಿಯ ಹೆಸರು ತಮಿಳುನಾಡಿನ ಪುಸ್ತಕದಲ್ಲಿದ್ದು, ಹೆರಿಗೆ ಚಾಮರಾಜನಗರದಲ್ಲಿ ಆದರೆ? ಸತ್ಯಮಂಗಲಕ್ಕೆ ಹೋಗಬೇಕೆಂದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು, ಯಾರು ಹೋಗ್ತಾರೆ? ಜತ್ತದವಳು ಮಿರಜಕ್ಕೂ ಹೋಗಬಹುದು, ವಿಜಯಪುರಕ್ಕೂ ಹೋಗಬಹುದು. ಒಂದು ಬಸಿರಿನ ಕತೆ ಎರಡು ರಾಜ್ಯದ ಕಡತಗಳಲ್ಲಿ ಅರ್ಧ ಅರ್ಧ ಉಳಿದರೆ, ಮುಂದೆ ಕೋಷ್ಟಕ ಮಾಡುವವರಿಗೆ ಅವಳು ಮತ್ತೆ ಸಿಗುವುದಿಲ್ಲ.

ಕಾನೂನನ್ನೂ ನೋಡಿ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಅನುಸೂಚಿಯಲ್ಲಿ ಗರ್ಭಿಣಿಗೆ ದಿನಕ್ಕೆ 600 ಕಿಲೋಕ್ಯಾಲೊರಿ, 18ರಿಂದ 20 ಗ್ರಾಂ ಪ್ರೋಟೀನ್ ಹಕ್ಕು ಎಂದು ಬರೆದರು. ದೊಡ್ಡ ಹೆಜ್ಜೆಯೇ ಅದು. ಆದರೆ ಹೊಟ್ಟೆಯಲ್ಲಿ ಒಂದೋ ಎರಡೋ ಎಂಬ ಕಾಲಮ್ಮು ಅದರಲ್ಲಿ ಇಲ್ಲ. ಹಿಗ್ಗಿನ್ಸ್ ತಮ್ಮ ಅವಳಿ ತಾಯಂದಿರಿಗೆ ಹಾಕಿದ್ದ 1000 ಕಿಲೋಕ್ಯಾಲೊರಿ, 50 ಗ್ರಾಂ ಪ್ರೋಟೀನನ್ನು ಇದರ ಪಕ್ಕ ಇಟ್ಟು ನೋಡಿ. ಅಂಗನವಾಡಿಯ ಮೊಟ್ಟೆ ಕೇರಳದ ಕಾಸರಗೋಡಿನಲ್ಲೇ ಬೇಯಲಿ, ಕರ್ನಾಟಕದ ಸುಳ್ಯದಲ್ಲೇ ಬೇಯಲಿ, ಅವಳಿ ಹೊತ್ತವಳ ಪಾಲಿಗೆ ಅಂತ ಕೇಂದ್ರದ ಕಾನೂನು ಇನ್ನೊಂದನ್ನು ಎಣಿಸಿಲ್ಲ.

ನನ್ನ ಮಾತು ಮುಗಿಸ್ತೇನೆ. ಅವಳಿ ಬಸಿರಿನ ವಿಜ್ಞಾನ ನೂರೈವತ್ತು ವರ್ಷದಲ್ಲಿ ತಾಯಿಯನ್ನು ದೂರುವುದು ಬಿಟ್ಟು ಎರಡು ಪ್ರಶ್ನೆ ಕೇಳಲು ಕಲಿಯಿತು: ಅವಳಿಗೆ ಸಿಕ್ಕಿದ್ದೆಷ್ಟು, ಕೂಸಿಗೆ ದಾಟಿದ್ದೆಷ್ಟು. ಮೊದಲನೆಯ ಪ್ರಶ್ನೆಗೆ ಮುಂಬಯಿಯ ಬಡ ಹೆಂಗಸರು ತಮ್ಮ ರಕ್ತವನ್ನೇ ಕೊಟ್ಟು ಉತ್ತರ ಒದಗಿಸಿದರು. ಅವರಂಥವರಿಗೇ ಇವತ್ತಿನ ಕೋಷ್ಟಕದಲ್ಲಿ ಅಂಕಿ ಇಲ್ಲ. ನಮ್ಮಲ್ಲಿ ಯಾರಾದರೂ ಗಡಿ ಊರುಗಳ ಹಳೆಯ ಮಿಷನ್ ಆಸ್ಪತ್ರೆ, ತಾಲೂಕು ಆಸ್ಪತ್ರೆಗಳ ಹೆರಿಗೆ ದಫ್ತರಗಳನ್ನು ಸಂಶೋಧನೆಗೆ ಎತ್ತಿಕೊಳ್ಳುವುದಾದರೆ, ಅವಳಿ ಎಂದು ಬರೆದಿರುವ ಪುಟಗಳನ್ನು ಮೊದಲು ತೆಗೆಯಿರಿ. ಹೆಸರು ಮುಚ್ಚಿ, ತೂಕಗಳನ್ನು ಬರೆದುಕೊಳ್ಳಿ, ತಾಯಿಯ ತೂಕ ಇದ್ದರೆ ಅದನ್ನೂ. ಶಾಸನ ಓದುವಷ್ಟೇ ಜತನದಿಂದ ಓದಿ. ಆ ಸಾಲು ತುಂಬಲಿಕ್ಕೆ ಬೇಕಾದ ಅಂಕಿಗಳು ಹುಟ್ಟುವುದು ನಮ್ಮ ಕಡೆಯ ಹೆರಿಗೆ ಕೋಣೆಗಳಲ್ಲೇ.